ಚರಗಕ್ಕೆ ಐವತ್ತೈದು ಮೀಟರ್ ಕಡಿಮೆ

ಎಳ್ಳ ಅಮಾವಾಸ್ಯೆಗೆ ಇನ್ನೂ ಐದು ದಿನ ಇರುವಾಗ, ಬೆಳಗಿನ ಉಪ್ಪಿಟ್ಟು ತಾಟಿಗೆ ಬೀಳುವ ಮೊದಲೇ, ನಾನು ಹೆಂಡತಿ ಸೌಂದರ್ಯಾಳನ್ನು ಅಡುಗೆಮನೆಯ ತಕ್ಕಡಿಯ ಮುಂದೆ ನಿಲ್ಲಿಸಿದೆ.

“ಒಂದು ಹಿಡಿ ಉಪ್ಪಿಟ್ಟು ತೊಗೊಂಡು ಇದರ ಮ್ಯಾಲ ಹಾಕು,” ಎಂದೆ.

“ಯಾಕ್ರಿ? ಉಪ್ಪಿಟ್ಟಿಗೂ ತೂಕ ಬಂತೇನು ಈ ಮನ್ಯಾಗ?”

“ಹಾಕು. ಇದು ಗಣಿತ.”

ಹಾಕಿದಳು. ನಲವತ್ನಾಲ್ಕು ಗ್ರಾಂ. ಇನ್ನೊಮ್ಮೆ ಹಾಕಿಸಿದೆ, ನಲವತ್ತು. ಮೂರನೆಯ ಸಲ ನಲವತ್ತೆರಡು. ಸರಾಸರಿ ತೆಗೆದು ಡೈರಿಯಲ್ಲಿ ಬರೆದುಕೊಂಡೆ: ‘ಸೌಂದರ್ಯಾಳ ಒಂದು ಹಿಡಿ, ನಲವತ್ತೆರಡು ಗ್ರಾಂ.’ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿಯ ಮುಷ್ಟಿಯನ್ನು ಗ್ರಾಂ ಲೆಕ್ಕದಲ್ಲಿ ತಿಳಿದುಕೊಂಡ ಗಂಡ ಜಮಖಂಡಿ ತಾಲ್ಲೂಕಿನಲ್ಲಿ ಬೇರೊಬ್ಬನಿರಲಾರ ಎಂದು ಸಣ್ಣ ಹೆಮ್ಮೆಯೂ ಆಯಿತು. ಉಪ್ಪಿಟ್ಟು ಆರಿಹೋಗಿತ್ತು. ವಿಜ್ಞಾನಕ್ಕೆ ಅಷ್ಟು ತ್ಯಾಗ ಇದ್ದೇ ಇರುತ್ತದೆ.

ಈ ಸಲದ ಚರಗವನ್ನು ಲೆಕ್ಕ ಹಾಕಿಯೇ ಚೆಲ್ಲಿಸಬೇಕೆಂದು ನಾನು ಪಣ ತೊಟ್ಟಿದ್ದೆ.

ಚರಗವೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸಲು ರೊಟ್ಟಿ, ಕಡಬು, ಹೋಳಿಗೆ, ಪಲ್ಯ, ಅನ್ನ ಎಲ್ಲವನ್ನೂ ಬುಟ್ಟಿಯಲ್ಲಿ ಕಲಸಿ, ಹೊಲದ ಅಂಚಿಗುಂಟ ಹಿಡಿ ಹಿಡಿಯಾಗಿ ಚೆಲ್ಲುತ್ತ ಒಂದು ಸುತ್ತು ಬರುತ್ತಾರೆ. ಹಿಂದಿನಿಂದ ಒಬ್ಬರು ನೀರು ಚಿಮುಕಿಸುತ್ತ ‘ಹುಲ್ಲುಲ್ಲಿಗೋ, ಸಲಾಂಬ್ರಿಗೋ’ ಎಂದು ಕೂಗುತ್ತಾರೆ. ಹೊರಟ ಜಾಗಕ್ಕೆ ಬಂದು ಮುಟ್ಟಿದರೆ ಸುತ್ತು ಕೂಡಿತು.

ಇದರಲ್ಲಿ ನನಗೆ ಸಹಿಸಲಾಗದ್ದು ಒಂದೇ, ಅಡುಗೆಯ ಅಂದಾಜು. ಅಂತರಿಕ್ಷಕ್ಕೆ ಉಪಗ್ರಹ ಹಾರಿಸುವ ದೇಶದಲ್ಲಿ ಚರಗದ ಅಡುಗೆಗೆ ಇವತ್ತಿಗೂ ಸೂತ್ರವೆಂದರೆ ‘ಒಂದೀಟು ಹೆಚ್ಚ ಇರಲಿ’. ಆ ಒಂದೀಟು ಎಷ್ಟೆಂದು ಯಾವ ಹೆಂಗಸೂ ಹೇಳುವುದಿಲ್ಲ. ಕೇಳಿದರೆ ಗಾಳಿಯಲ್ಲಿ ಬೊಗಸೆ ಮಾಡಿ ತೋರಿಸುತ್ತಾಳೆ. ಕೊನೆಗೆ ಅರ್ಧ ಬುಟ್ಟಿ ಉಳಿಯುತ್ತದೆ, ಅದನ್ನು ಗಿಡದ ಬುಡದಲ್ಲಿ ಕೂತು ಎಲ್ಲರೂ ತಿಂದು ನಿದ್ದೆ ಹೋಗುತ್ತಾರೆ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಪತ್ರಿಕೆಯ ಸುದ್ದಿಗಾಗಿ ತಿರುಗುವ ನಾನು ಈ ದೃಶ್ಯವನ್ನು ನೂರು ಬದುಗಳ ಮೇಲೆ ನೋಡಿದ್ದೇನೆ. ಸುತ್ತಳತೆ ಗೊತ್ತಿದ್ದರೆ ಹಿಡಿ ಎಷ್ಟೆಂದು ಗೊತ್ತು. ಹಿಡಿ ಗೊತ್ತಿದ್ದರೆ ತೂಕ ಗೊತ್ತು. ಇಷ್ಟು ಸರಳ ಸಂಗತಿ ಇಷ್ಟು ತಲೆಮಾರುಗಳಲ್ಲಿ ಒಬ್ಬರಿಗೂ ಹೊಳೆಯದೆ ನನಗಾಗಿ ಕಾದುಕೊಂಡಿತ್ತು.

ಈ ಸಲ ನನಗೆ ಅಧಿಕಾರವೂ ಸಿಕ್ಕಿತ್ತು. ಹುನ್ನೂರಿನ ಒಂದು ಎಕರೆ ಇಪ್ಪತ್ತೇಳು ಗುಂಟೆ ಹೊಲವನ್ನು ನನ್ನ ಅತ್ತೆ ಪದ್ಮವ್ವ ದೀಪಾವಳಿಗೆ ಮಗಳ ಹೆಸರಿಗೆ ಮಾಡಿಕೊಟ್ಟಿದ್ದರು. ಕಾಗದದಲ್ಲಿ ಹೊಲ ಸೌಂದರ್ಯಾಳದು. ನೀರಿನ ಮೋಟರಿನ ಪೆಟ್ಟಿಗೆಯ ಚಾವಿ ಮಾತ್ರ ಅವಳ ತಮ್ಮ ವೀರೇಶನ ಉಡಿದಾರದಲ್ಲೇ ಇತ್ತು. ಎಂಟು ವರ್ಷದಿಂದ ಉಳುಮೆ ಮಾಡುತ್ತಿದ್ದವನು ಅವನು, ಕೊಡುವ ಮನಸ್ಸಿರಲಿಲ್ಲ. “ಅಕ್ಕಗ ಬದುವಿನ ಮ್ಯಾಲ ನೆಟ್ಟಗ ನಡ್ಯಾಕ ಬರಂಗಿಲ್ಲ, ಬ್ಯಾಸಾಯ ಏನ್ ಮಾಡ್ತಾಳ?” ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ಅತ್ತೆ ಇಬ್ಬರನ್ನೂ ಕೂರಿಸಿ ತೀರ್ಪು ಕೊಟ್ಟಿದ್ದರು. “ಈ ಸಲ ಚರಗ ನೀನ ಚೆಲ್ಲು, ಸೌಂದರ್ಯಾ. ನಿನ್ನ ಕೈ ಅಡಗಿ, ನಿನ್ನ ಕೈ ಹಿಡಿ. ಸುತ್ತು ಕೂಡಿತಂದ್ರ ಸುಗ್ಗಿ ಆದ ಮ್ಯಾಲ ಹೊಲ ನೀನ ಹಿಡಿ. ಕೂಡಲಿಲ್ಲಂದ್ರ ಇನ್ನೊಂದು ವರ್ಷ ವೀರೇಶನ ಮಾಡ್ಲಿ. ಭೂಮಿತಾಯಿ ಒಲ್ಲೆ ಅಂದಾಕಿಗೆ ನಾ ಹೆಂಗ ಕೊಡ್ಲಿ?”

ಸೌಂದರ್ಯಾ ಆ ಹೊಲದಲ್ಲಿ ಅರಿಸಿನ ಹಾಕುವ ಯೋಚನೆಯಲ್ಲಿದ್ದಳು. ಬೀಜ ಕೊಡುವವರ ನಂಬರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ತನಗಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ನನಗೆ ನೆನಪಿರುವಂತೆ ಇದೊಂದೇ. ಇಂಥ ಕೆಲಸವನ್ನು ಅಂದಾಜಿನ ಕೈಗೆ ಬಿಡುವುದುಂಟೆ?

ಹೊಲದ ನಕಾಶೆ ಕಳಿಸೆಂದು ವೀರೇಶನಿಗೆ ಹೇಳಿದೆ. ಮೊಬೈಲಿನಲ್ಲಿ ಫೋಟೋ ಬಂತು. ತ್ರಿಕೋನಾಕಾರದ ಹೊಲ. ಒಂದು ಕಡೆ ಗಾಡಿದಾರಿ, ಒಂದು ಕಡೆ ಪಕ್ಕದ ಹೊಲದ ಬದು, ಒಂದು ಕಡೆ ಕಾಲುವೆ. ಎರಡು ಅಂಕಿ ಕಾಣುತ್ತಿದ್ದವು: ನೂರೈವತ್ತು ಮೀಟರ್, ತೊಂಬತ್ತು ಮೀಟರ್. ಮೂರನೆಯದು ಕಾಗದದ ಮಡಿಕೆಯಲ್ಲಿ ಸವೆದುಹೋಗಿತ್ತು. ಫೋಟೋ ಬೇರೆ ವಾರೆಯಾಗಿ ಹೊಡೆದದ್ದು. ಯಾವ ಅಂಕಿ ಯಾವ ಗೆರೆಯದೆಂಬುದೂ ಸ್ಪಷ್ಟವಿರಲಿಲ್ಲ. ಸಾಮಾನ್ಯ ಮನುಷ್ಯ ಇಲ್ಲಿಗೆ ಕೈಬಿಡುತ್ತಿದ್ದ.

“ರವಿವಾರ ಹೋಗಿ ಅಳಕೊಂಡು ಬರೂನ್ರಿ,” ಎಂದಳು ಸೌಂದರ್ಯಾ. “ಗಾಡಿ ಮ್ಯಾಲ ಎಷ್ಟೊತ್ತಿನ ದಾರಿ?”

“ಪೈಥಾಗೊರಸ್ ಇರೋವಾಗ ಪೆಟ್ರೋಲ್ ಯಾಕ ಸುಡಬೇಕು?”

“ಪೈಥಾಗೊರಸ್ ನಮ್ಮ ಹೊಲ ನೋಡ್ಯಾನೇನು?”

“ನೋಡದ ಹೇಳ್ತಾನ. ಅದಕ್ಕ ಅಂವ ದೊಡ್ಡಾಂವ. ನೀ ಇಷ್ಟ ಹೇಳು, ಹೊಲದಾಗ ಯಾವುದರ ಮೂಲಿ ಕರೆಕ್ಟ್ ಕಾಟಕೋನ ಐತೇನು?”

“ಬನ್ನಿ ಗಿಡದ ಮೂಲಿ. ಗೌಂಡಿ ಮೂಲಿಮಟ್ಟ ಹಿಡದು ಕಡದಂಗ ಐತಿ.”

“ಸಾಕು. ಲಂಬಕೋನ ತ್ರಿಭುಜ ಆತು.”

“ಆದ್ರ ಕಾಲವಿ ಬಾಜೂ ಭಾಳ ಉದ್ದ ಅನಸ್ತೈತ್ರಿ. ಸಣ್ಣಾಕಿ ಇದ್ದಾಗ ಅಲ್ಲಿ ನಡದ ನಡದ ಕಾಲ ಸೋಲತಿದ್ದೂವು.”

“ಸಣ್ಣಾಕಿ ಇದ್ದಾಗ ಕಾಲೂ ಸಣ್ಣವ ಇದ್ದೂವು. ಅನಸೂದನ್ನ ಬಿಡು, ಅಂಕಿ ನೋಡು.”

ಅಂಕಿ ನೋಡಿದೆ. ಲಂಬಕೋನ ತ್ರಿಭುಜದಲ್ಲಿ ಎಲ್ಲಕ್ಕಿಂತ ಉದ್ದದ ಬಾಹು ವಿಕರ್ಣ. ಅದರ ವರ್ಗ ಉಳಿದೆರಡರ ವರ್ಗಗಳ ಮೊತ್ತಕ್ಕೆ ಸಮ. ಎಂಟನೆಯ ಇಯತ್ತೆಯಲ್ಲಿ ಕಲಿತದ್ದು, ಒಂದು ಅಕ್ಷರ ಮರೆತಿರಲಿಲ್ಲ. ಇರುವ ಎರಡರಲ್ಲಿ ಉದ್ದದ್ದು ನೂರೈವತ್ತು. ಆದ್ದರಿಂದ ಅದೇ ವಿಕರ್ಣ. ನೂರೈವತ್ತರ ವರ್ಗ ಇಪ್ಪತ್ತೆರಡು ಸಾವಿರದ ಐನೂರು. ತೊಂಬತ್ತರ ವರ್ಗ ಎಂಟು ಸಾವಿರದ ನೂರು. ಕಳೆದರೆ ಹದಿನಾಲ್ಕು ಸಾವಿರದ ನಾನೂರು. ಅದರ ವರ್ಗಮೂಲ ನೂರಿಪ್ಪತ್ತು.

ನೂರಿಪ್ಪತ್ತು! ಒಂದು ಚೂರೂ ದಶಾಂಶವಿಲ್ಲ, ಬಾಲವಿಲ್ಲ, ತೊಳೆದಿಟ್ಟ ಹಿತ್ತಾಳೆ ತಂಬಿಗೆಯಂಥ ಉತ್ತರ. ತಪ್ಪು ಲೆಕ್ಕ ಇಷ್ಟು ಸ್ವಚ್ಛವಾಗಿ ಬರುವುದಿಲ್ಲ ಎಂದು ನನಗೆ ಪೂರ್ತಿ ಖಾತ್ರಿಯಾಯಿತು.

ಮೂರೂ ಕೂಡಿಸಿದರೆ ಸುತ್ತಳತೆ ಮುನ್ನೂರ ಅರವತ್ತು ಮೀಟರ್. ಎರಡು ಮೀಟರಿಗೊಂದು ಹಿಡಿಯಂತೆ ನೂರೆಂಬತ್ತು ಹಿಡಿ. ಹಿಡಿಗೆ ನಲವತ್ತೆರಡು ಗ್ರಾಂ. ಚರಗ ಏಳು ಕೆಜಿ ಐನೂರ ಅರವತ್ತು ಗ್ರಾಂ. ವಿಕರ್ಣದ ಸೂತ್ರದಿಂದ ಹಿಡಿದು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಸೌಂದರ್ಯಾ ಅದನ್ನು ಎರಡು ಸಲ ಓದಿದಳು.

“ಅಷ್ಟ ಸಾಕಾಗ್ತೈತ್ರಿ?”

“ಸಾಕಾಗೂದಲ್ಲ. ಸರಿಯಾಗ್ತೈತಿ.”

ಅಮಾವಾಸ್ಯೆಯ ಬೆಳಿಗ್ಗೆ ಐದಕ್ಕೆ ಎದ್ದು ಅವಳು ಎಲ್ಲ ಅಡುಗೆಯನ್ನೂ ಒಬ್ಬಳೇ ಮಾಡಿದಳು. ಎಂಟಕ್ಕೆ ಬುಟ್ಟಿಯನ್ನು ತಕ್ಕಡಿಗೆ ಇಟ್ಟೆ. ಬುಟ್ಟಿಯ ತೂಕ ಕಳೆದು ಏಳು ಕೆಜಿ ಆರುನೂರ ಎಂಬತ್ತು.

“ನೂರಾ ಇಪ್ಪತ್ತು ಗ್ರಾಂ ಹೆಚ್ಚ ಐತಿ.”

“ಇರಲಿ ಬಿಡ್ರಿ, ದೇವರ ಕೆಲಸ.”

“ಇಲ್ಲಿಂದನ ಎಲ್ಲಾ ಸುರು ಆಗೂದು,” ಎಂದು ಮೇಲಿದ್ದ ಎರಡು ಶೇಂಗಾ ಹೋಳಿಗೆ ತೆಗೆದು, ಶಿಸ್ತಿನ ದೃಷ್ಟಿಯಿಂದ ಅಲ್ಲೇ ನಿಂತು ತಿಂದೆ. ಅವಳು ಏನೂ ಮಾತಾಡಲಿಲ್ಲ. ಮಾತಾಡದಿರುವುದನ್ನು ಒಪ್ಪಿಗೆಯೆಂದು ತಿಳಿಯುವುದು ಗಂಡಸರಿಗೆ ಇರುವ ಹಳೆಯ ಕಾಯಿಲೆ.

ಹುನ್ನೂರಿನ ಹೊಲಕ್ಕೆ ಮುಟ್ಟಿದಾಗ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಅತ್ತೆ ಪೂಜೆಗೆ ಕೂತಿದ್ದರು. ವೀರೇಶ ತನ್ನ ಮನೆಯಿಂದ ಎಲ್ಲರಿಗೂ ಊಟದ ಬುತ್ತಿ ತಂದು ನೆರಳಿಗೆ ಇಟ್ಟಿದ್ದ. ಬಿಳಿ ಪ್ಯಾಂಟು ಹಾಕಿಕೊಂಡು ಬಂದ ನನ್ನನ್ನೂ ಕೈಯಲ್ಲಿದ್ದ ಡೈರಿಯನ್ನೂ ನೋಡಿ, “ಮಾಮಾರ, ಚರಗಕ್ಕ ಬಂದೀರೋ ಸರ್ವೇಕ್ಕ ಬಂದೀರೋ?” ಎಂದ.

“ಎರಡೂ ಒಂದ, ತಿಳದಾವ್ರಿಗೆ,” ಎಂದೆ.

ಪೂಜೆ ಮುಗಿಯಿತು. ಎಡೆ ತೋರಿಸಿ ಅತ್ತೆ ಬುಟ್ಟಿಯನ್ನು ಮಗಳ ಸೊಂಟಕ್ಕೆ ಕೊಟ್ಟು ಹೇಳಿದರು. “ನಮ್ಮ ಮನಿತನದ ನಡತಿ ಗೊತ್ತೈತೆಲ್ಲಾ? ಎತ್ತಿದ ಬುಟ್ಟಿ ಸುತ್ತು ಕೂಡೂತನಕ ನೆಲಕ್ಕ ಹತ್ತಬಾರದು. ಹತ್ತಿತಂದ್ರ ಅಲ್ಲಿಗೆ ಮುಗೀತು.”

ಸೌಂದರ್ಯಾ ಮುಂದೆ, ತಂಬಿಗೆ ಹಿಡಿದು ಹಿಡಿ ಎಣಿಸುತ್ತ ನಾನು ಹಿಂದೆ, ನನ್ನ ಹಿಂದೆ ಕೈಬೀಸಿಕೊಂಡು ವೀರೇಶ. ಗಾಡಿದಾರಿಗುಂಟ ಹೊರಟೆವು. ನಾನು ಒಂದು ‘ಹುಲ್ಲುಲ್ಲಿಗೋ’ ಎನ್ನುವುದು, ಒಂದು ಅಂಕಿ ಎನ್ನುವುದು. “ಹುಲ್ಲುಲ್ಲಿಗೋ ಹದಿನೇಳು, ಸಲಾಂಬ್ರಿಗೋ ಹದಿನೆಂಟು.” ಸರಿಯಾಗಿ ನಲವತ್ತೈದನೆಯ ಹಿಡಿಗೆ ಗಾಡಿದಾರಿ ಮುಗಿದು ಮೂಲೆ ಬಂತು. ತೊಂಬತ್ತು ಮೀಟರ್, ನಲವತ್ತೈದು ಹಿಡಿ. ನಾನು ಹಿಂತಿರುಗಿ ವೀರೇಶನ ಮುಖ ನೋಡಿದೆ.

“ಭಾಳ ಛಲೋ ಆತ್ರಿ ಮಾಮಾರ,” ಎಂದ. “ಇನ್ನ ಎರಡು ಬಾಜೂ ಅದಾವು.”

ಕಾಲುವೆಯ ಬದಿ ಸುರುವಾಯಿತು. ಎಡಕ್ಕೆ ನೀರು, ಬಲಕ್ಕೆ ಎದೆಮಟ್ಟದ ಜೋಳ. ಇನ್ನುಳಿದ ಎರಡು ಬದಿಗಳಲ್ಲಿ ಒಂದು ನೂರಿಪ್ಪತ್ತು, ಒಂದು ನೂರೈವತ್ತು. ವಿಕರ್ಣ ಇದಾಗಿರಲಾರದು, ಬದುವೇ ಇರಬೇಕೆಂದು ನಾನು ಮನೆಯಲ್ಲೇ ನಿಶ್ಚಯಿಸಿದ್ದೆ. ಕಾರಣ ಏನೆಂದು ಈಗ ಕೇಳಬೇಡಿ. ಅರವತ್ತು ಹಿಡಿಗೆ ಮೂಲೆ ಬರಬೇಕು.

“ಸಲಾಂಬ್ರಿಗೋ ಅರವತ್ತು. ತಿರುಗು,” ಎಂದೆ.

ಸೌಂದರ್ಯಾ ನಿಂತಳು. ಮುಂದೆ ಕಾಲುವೆ ಇನ್ನೂ ನೆಟ್ಟಗೆ ಹೋಗುತ್ತಲೇ ಇತ್ತು.

“ಎಲ್ಲಿ ತಿರುಗ್ಲಿ? ಎಡಕ್ಕ ಕಾಲವಿ ಐತಿ, ಬಲಕ್ಕ ಜ್ವಾಳ ಐತಿ. ನೀವ ಹೇಳ್ರಿ, ಬೀಳಲೋ ಮೇಯಲೋ?”

“ನಿನ್ನ ಹಿಡಿ ದೊಡ್ಡದಾತು. ತೂಕ ಮಾಡೂಮುಂದ ಸಣ್ಣದಿತ್ತು.”

“ಹಿಡಿ ದೊಡ್ಡದಾದ್ರ ಬುಟ್ಟಿ ಖಾಲಿ ಆಗ್ತೈತಿ, ಕಾಲವಿ ಉದ್ದ ಆಗಂಗಿಲ್ಲ.”

ಹಿಂದಿನಿಂದ ವೀರೇಶ ಕೆಮ್ಮಿದ. ಆ ಕೆಮ್ಮಿಗೆ ನೆಗಡಿ ಕಾರಣವಲ್ಲ.

ನಾನು ಸಮಾಧಾನದಿಂದಲೇ ಪರಿಹಾರ ಸೂಚಿಸಿದೆ. “ಇಲ್ಲಿಂದ ಅರ್ಧ ಹಿಡಿ ಹಾಕ್ಕೋತ ನಡಿ. ಒಟ್ಟು ಲೆಕ್ಕ ಸರಿ ಹೋಗ್ತೈತಿ.”

“ಬಸರಿ ಹೆಣ್ಣಮಗಳಿಗೆ ಊಟಕ್ಕ ಕರದು, ‘ಲೆಕ್ಕ ತಪ್ಪೇತಿ, ಅರ್ಧಾ ತಿನ್ನವ್ವಾ’ ಅನ್ಲೇನು?” ಎಂದು ತುಂಬಿದ ಹಿಡಿಯನ್ನೇ ಚೆಲ್ಲಿ ನಡೆದಳು.

ಎಪ್ಪತ್ತು. ಎಂಬತ್ತು. ಕಾಲುವೆ ಮುಗಿಯಲೊಲ್ಲದು. ಎಂಬತ್ತೇಳಕ್ಕೆ ಮೂಲೆ ಸಿಕ್ಕಿತು. ಅಷ್ಟರಲ್ಲಿ ನಾನು ‘ಹುಲ್ಲುಲ್ಲಿಗೋ’ ಕೂಗುವುದನ್ನು ಬಿಟ್ಟು ಮನಸ್ಸಿನಲ್ಲೇ ಕಳೆಯುತ್ತಿದ್ದೆ. ಬದುವಿನ ಮೇಲೆ ಹೊರಳಿದಾಗ ದೂರದಲ್ಲಿ ಬನ್ನಿ ಗಿಡ ಕಂಡಿತು. ಗಿಡದ ಬುಡದಲ್ಲಿ ಹಣೆಗೆ ಕೈ ಅಡ್ಡ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ ಅತ್ತೆಯೂ ಕಂಡರು. ಬುಟ್ಟಿಯ ತಳದ ಬಿದಿರೂ ಕಂಡಿತು.

ಬದುವಿನ ಮೇಲೆ ನಲವತ್ತೆಂಟನೆಯ ಹಿಡಿಯಲ್ಲಿ ಬಂದದ್ದು ಅರ್ಧ ಕಡಬು ಮತ್ತು ಮೂರು ಅಗುಳು. ಸೌಂದರ್ಯಾ ಅದನ್ನು ಚೆಲ್ಲಿ, ಬುಟ್ಟಿಯೊಳಗೆ ಒಮ್ಮೆ ಕೈ ಆಡಿಸಿ, ನಿಂತಳು. ಗಿಡ ಇನ್ನೂ ಐವತ್ತೈದು ಮೀಟರ್ ದೂರ ಇತ್ತು.

ಅವಳು ನನ್ನನ್ನು ಬಯ್ಯಲಿಲ್ಲ. ಗಿಡದ ಕಡೆ ನೋಡುತ್ತ ತುಟಿ ಕಚ್ಚಿಕೊಂಡು ನಿಂತಳು; ಕಣ್ಣಲ್ಲಿ ನೀರು ತುಂಬಿ ಬಂದು, ಕೆಳಗೆ ಬೀಳದೆ ಅಲ್ಲೇ ನಿಂತಿತ್ತು. ಬಯ್ದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ವೀರೇಶ ಮುಂದೆ ಬಂದ. ದನಿಯಲ್ಲಿ ಜೇನು. “ಅಕ್ಕಾ, ಹೋಗ್ಲಿ ಬಿಡು. ಕೈ ಸೋತಿರಬೇಕು. ಬುಟ್ಟಿ ಇಳಿಸು.”

“ಹೌದು, ಇಳಿಸು,” ಎಂದೆ ನಾನು. “ಒಂದ ನಿಮಿಷ, ಮತ್ತೊಮ್ಮೆ ಲೆಕ್ಕ ಹಾಕತೀನಿ.”

ಸೌಂದರ್ಯಾ ನನ್ನ ಕಡೆ ತಿರುಗಿ ನೋಡಿದ ನೋಟ ಯಾವ ಪ್ರಮೇಯದಲ್ಲೂ ಬರುವುದಿಲ್ಲ. ಆಮೇಲೆ ಖಾಲಿ ಬುಟ್ಟಿಯನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟಳು. ನನ್ನ ಎರಡೂ ಕೈ ಹಿಡಿದು ಅದರ ಅಂಚಿಗೆ ಹಚ್ಚಿದಳು.

“ಇದು ನೆಲಕ್ಕ ಹತ್ತಿತಂದ್ರ ನಾ ಜಮಖಂಡಿಗೆ ಬರಂಗಿಲ್ಲ. ಹಿಂಗ ನಿಂದರ್ರಿ.”

ವೀರೇಶ ಇನ್ನೊಂದು ದಾರಿ ತೋರಿಸಿದ. “ನಮ್ಮ ಬುತ್ತ್ಯಾಗ ಹೋಳಿಗಿ ಅದಾವ ಅಕ್ಕಾ, ತಂದು ಹಾಕ್ಕೊಂಡು ಸುತ್ತು ಮುಗಿಸು. ಯಾರು ಬ್ಯಾಡಂತಾರ?”

ಎಂಥ ಉದಾರಿ ಎಂದು ನಾನು ಬುಟ್ಟಿಯ ಕೆಳಗೆ ತಲೆದೂಗಲು ಹೋದೆ. ಬುಟ್ಟಿ ಅಲುಗಿತು, ಬಿಟ್ಟೆ.

“ನಿನ್ನ ಮನಿ ಹೋಳಿಗಿ ಚೆಲ್ಲಿದ್ರ ಸುತ್ತು ನಿಂದಾಗ್ತೈತಿ ತಮ್ಮಾ,” ಎಂದಳು ಸೌಂದರ್ಯಾ. “ಅಷ್ಟ ತಿಳೀತೈತಿ ನನಗ. ಇವರಿಗೆ ತಿಳೀಲಿಕ್ಕಿಲ್ಲ.”

ಅಷ್ಟು ಹೊತ್ತಿಗೆ ಅತ್ತೆ ಬದುವಿನ ಮೇಲೆ ನಡೆದುಬಂದಿದ್ದರು. ಪಕ್ಕದ ಹೊಲದ ಗೂಳಪ್ಪನೂ ತನ್ನ ಕಬ್ಬಿನ ಸಾಲಿನಿಂದ ಹೊರಗೆ ಬಂದು ನಿಂತ. ಬಿಳಿ ಪ್ಯಾಂಟಿನ ಮನುಷ್ಯನೊಬ್ಬ ಖಾಲಿ ಬುಟ್ಟಿ ಹೊತ್ತು ಬದುವಿನ ಮೇಲೆ ನಿಂತರೆ ಯಾರಾದರೂ ಕೆಲಸ ಬಿಟ್ಟು ಬಂದೇ ಬರುತ್ತಾರೆ.

“ಏನಾತ್ರಿ ಅಳ್ಯಾರ?” ಎಂದು ಅತ್ತೆ ಕೇಳಿದರು.

“ಕಾಲುವೆಯ ಅಳತೆಯೊಳಗ ಏನೋ ವ್ಯತ್ಯಾಸ ಐತ್ರಿ,” ಎಂದೆ. “ಲೆಕ್ಕದ ಪ್ರಕಾರ ಅದು ನೂರಿಪ್ಪತ್ತು ಮೀಟರ್. ಮಂದಿ ಆಮ್ಯಾಲ ಬೆಳಿಸಿರಬೇಕು.”

ಗೂಳಪ್ಪ ತಲೆಯ ಮೇಲಿನ ಟವೆಲ್ ಸರಿಪಡಿಸಿಕೊಂಡ. “ನೂರಿಪ್ಪತ್ತ ಎಲ್ಲೀದ್ರಿ ಸಾಹೇಬ್ರ? ಆ ಬಾಜೂಕ ಪೈಪ್ ಹಾಕಿದಾಂವ ನಾನ. ಆರ್ ಮೀಟರಿನವು ಇಪ್ಪತ್ತೊಂಬತ್ತು ಪೈಪ್ ಹಿಡದಾವು. ಮ್ಯಾಲ ಎರಡು ಮೊಳ ತುಂಡು.”

ಇಪ್ಪತ್ತೊಂಬತ್ತು ಆರಲೇ ನೂರಾ ಎಪ್ಪತ್ನಾಲ್ಕು. ಎರಡು ಮೊಳ ಸೇರಿದರೆ ನೂರಾ ಎಪ್ಪತ್ತೈದಕ್ಕೆ ನಾಲ್ಕು ಬೆರಳು ಕಡಿಮೆ. ತಲೆಯ ಮೇಲೆ ಬುಟ್ಟಿ ಇದ್ದುದರಿಂದ ಕೈಬೆರಳು ಮಡಿಸಲು ಆಗಲಿಲ್ಲ. ಆದರೂ ಲೆಕ್ಕ ತಾನಾಗಿಯೇ ಬಂತು, ಕರೆಯದ ನೆಂಟನ ಹಾಗೆ.

ಸೌಂದರ್ಯಾ ಒಂದು ಒಣ ದಂಟು ಮುರಿದುಕೊಂಡು ನನ್ನ ಕಾಲ ಬಳಿ ಮಣ್ಣಿನಲ್ಲಿ ಮೂರು ಗೆರೆ ಎಳೆದಳು.

“ಮೂಲಿಮಟ್ಟ ಇರೂದು ಯಾವ ಮೂಲಿಗೆ?”

“ಬನ್ನಿ ಗಿಡದ ಮೂಲಿಗೆ.”

“ಆ ಮೂಲಿಗೆ ಕೂಡೂವು ಯಾವ ಎರಡು ಬಾಜೂ?”

“ಗಾಡಿದಾರಿ. ಬದು.”

“ಎದುರಿಗೆ ಉಳದದ್ದು?”

ಬಲಗಿವಿಗೆ ಕಾಲುವೆಯ ನೀರಿನ ಸಪ್ಪಳ ಕೇಳುತ್ತಿತ್ತು.

“ಎಲ್ಲಕ್ಕಿಂತ ಉದ್ದದ್ದು ವಿಕರ್ಣ ಅಂತ ನೀವ ಬರದೀರಿ ಫ್ರಿಜ್ಜಿನ ಮ್ಯಾಲ,” ಎಂದಳು. “ಖರೆ ಐತಿ. ಆದ್ರ ಕಂಡ ಎರಡರಾಗ ಉದ್ದದ್ದನ್ನ ಹಿಡಕೊಂಡು ಕುಂತ್ರಿ. ಎಲ್ಲಕ್ಕಿಂತ ಉದ್ದದ್ದು ಕಾಗದದ ಮಡಕಿ ಒಳಗ ಇತ್ತು. ನೂರೈವತ್ತರ ವರ್ಗದಾಗ ತೊಂಬತ್ತರದ್ದು ಕಳೀಬಾರದಿತ್ತು, ಕೂಡಿಸಬೇಕಿತ್ತು. ಇಪ್ಪತ್ತೆರಡು ವರ್ಷ ಮಂದಿ ಹೊಲದ ಸುದ್ದಿ ಬರದ್ರಿ, ಹೆಂಡ್ತಿ ಹೊಲಕ್ಕ ಒಮ್ಮಿ ಬರಲಿಲ್ಲ. ಬಂದು ಗಿಡದ ಬುಡಕ ನಿಂತು ಕಣ್ಣ ತಗದಿದ್ರ ಸಾಕಿತ್ತು.”

ಇಲ್ಲಿಗೆ ನನ್ನ ಗಣಿತದ ತರಗತಿ ಮುಗಿಯಿತು. ಉಳಿದದ್ದು ಅತ್ತೆಯ ತೀರ್ಪು. ಎಲ್ಲರೂ ಅವರ ಮುಖ ನೋಡಿದೆವು. ಸೌಂದರ್ಯಾ ಮಾತ್ರ ನೋಡಲಿಲ್ಲ. ದಂಟಿನಿಂದ ಮಣ್ಣು ಕೆದರುತ್ತಿದ್ದಳು.

ಅತ್ತೆ ಬುಟ್ಟಿಯನ್ನು ನೋಡಿದರು, ಬುಟ್ಟಿಯ ಕೆಳಗಿನ ಅಳಿಯನನ್ನು ನೋಡಿದರು. ಎರಡನೆಯದನ್ನು ನೋಡಿದ್ದು ಸ್ವಲ್ಪ ಹೆಚ್ಚು ಹೊತ್ತು.

“ಬುಟ್ಟಿ ನೆಲಕ್ಕ ಹತ್ತೇತೇನು?”

“ಇಲ್ಲ ಅವ್ವಾ,” ಎಂದಳು ಸೌಂದರ್ಯಾ.

“ಮತ್ತ ಸುತ್ತು ಎಲ್ಲಿ ಮುರೀತು? ನಿಂತೈತಿ, ಅಷ್ಟ. ಹೋಗು, ಇನ್ನೊಂದೀಟು ಅಡಗಿ ಮಾಡ್ಕೊಂಡು ಬಾ.”

“ಅವ್ವಾ, ಮನಿಯಿಂದ ತಂದದ್ದು ಮುಗದೈತಿ,” ಎಂದ ವೀರೇಶ. “ಇಲ್ಲಿ ಹಿಟ್ಟಿಲ್ಲ, ಒಲಿ ಇಲ್ಲ.”

“ಹಿಟ್ಟು ನಾ ಕೊಡ್ತೀನ್ರಿ,” ಎಂದ ಗೂಳಪ್ಪ. “ಗುಡಸಲದಾಗ ಒಲಿ ಐತಿ.”

“ಗೂಳಪ್ಪನ ಹಿಟ್ಟು ನಡೀತೈತೇನು?” ವೀರೇಶ ಬಿಡಲಿಲ್ಲ.

“ಹಿಟ್ಟು ಯಾರದರ ಇರಲಿ, ಬೆರಳು ಆಕೀವಿರಬೇಕು,” ಎಂದರು ಅತ್ತೆ. “ನೀ ಹೋಗಿ ಗಿಡದ ಬುಡಕ ಕುಂದರು. ಹಸದಿದ್ರ ಉಣ್ಣು.”

ಸೌಂದರ್ಯಾ ಆಗಲೇ ಸೆರಗು ಸಿಕ್ಕಿಸಿಕೊಂಡು ಗುಡಿಸಲಿನ ಕಡೆ ಹೊರಟಿದ್ದಳು. ನಾನು ಬುಟ್ಟಿಯ ಕೆಳಗಿನಿಂದ ಕೂಗಿ ಹೇಳಿದೆ: “ಇಪ್ಪತ್ತೇಳೂವರಿ ಹಿಡಿ ಬೇಕು. ಒಂದು ಕೆಜಿ ನೂರಾ ಐವತ್ತೈದು ಗ್ರಾಂ.” ಈ ಸಲ ಲೆಕ್ಕ ಸರಿಯಾಗಿತ್ತು. ಅವಳು ಹಿಂತಿರುಗಲಿಲ್ಲ. ಗೂಳಪ್ಪನಿಗೆ ಗಾಳಿಯಲ್ಲಿ ಬೊಗಸೆ ಮಾಡಿ ಎಷ್ಟು ಹಿಟ್ಟೆಂದು ತೋರಿಸುತ್ತಿದ್ದುದು ದೂರದಿಂದ ಕಂಡಿತು.

ನಾನು ನಿಂತೆ. ಜೋಳದ ಹೊಲದ ಬದುವಿನ ಮೇಲೆ ಒಬ್ಬ ಮನುಷ್ಯ ಎರಡೂವರೆ ತಾಸು ನಿಂತರೆ ಏನೇನು ಆಗುತ್ತದೆಂಬುದರ ಬಗ್ಗೆ ನಾನು ಈಗ ಅಧಿಕಾರಯುತವಾಗಿ ಮಾತಾಡಬಲ್ಲೆ. ಮೊದಲು ತೋಳು ನೋಯುತ್ತದೆ. ಆಮೇಲೆ ತೋಳು ಇದೆಯೆಂಬುದು ಮರೆಯುತ್ತದೆ. ಬುಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅಗುಳಿಗೆ ಗುಬ್ಬಿಗಳು ಬರುತ್ತವೆ; ಓಡಿಸಲು ಕೈ ಬಿಡುವಂತಿಲ್ಲ. ಬುಟ್ಟಿ ಹೊತ್ತವನು ಉಣ್ಣುವಂತಿಲ್ಲ ಎಂಬ ನಿಯಮವೊಂದು ಇದೆಯೆಂದು ಅತ್ತೆ ಹೇಳಿದರು. ಅದು ಹಳೆಯ ನಿಯಮವೋ ಆಗ ಮಾಡಿದ್ದೋ ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವೀರೇಶ ಎಣ್ಣೆಗಾಯಿ, ರೊಟ್ಟಿ, ಹೋಳಿಗೆ ಎಲ್ಲ ಮುಗಿಸಿ, ಮೊಬೈಲು ಹಿಡಿದುಕೊಂಡು ಬಂದ. ಅಷ್ಟು ದೂರ ನಡೆದು ಬಂದದ್ದು ನನಗೆ ಒಂದು ಸಂಗತಿ ತಿಳಿಸಲು.

“ಮಾಮಾರ, ನಿಮ್ಮ ಅಳತಿ ಪ್ರಕಾರ ಲೆಕ್ಕ ಹಾಕಿ ನೋಡಿದ್ನಿ. ಹೊಲ ಒಂದು ಎಕರೆ ಹದಿಮೂರು ಗುಂಟಿ ಆಗ್ತೈತಿ. ಹದಿನಾಲ್ಕು ಗುಂಟಿ ಒಂದ ಮುಂಜಾನಿಗೆ ನುಂಗಿದ್ರಿ. ಬದು ಒತ್ತಾವ್ರು ಸುದ್ದಾ ವರ್ಷಕ್ಕ ಒಂದ ಗೇಣು ಒತ್ತತಾರ.”

“ನಕಾಶಿ ಫೋಟೋ ನೆಟ್ಟಗ ಹೊಡದಿದ್ರ ಹಿಂಗ ಆಗತಿರಲಿಲ್ಲ,” ಎಂದೆ.

“ಈಗ ನೆಟ್ಟಗ ಹೊಡೀತೀನ್ರಿ,” ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನನ್ನ ಫೋಟೋ ತೆಗೆದ. ಐದು ನಿಮಿಷದಲ್ಲಿ ಅದು ಮನೆತನದ ವಾಟ್ಸಾಪ್ ಗುಂಪಿಗೆ ಹೋಯಿತು. ಕೆಳಗೆ ಬರೆದಿದ್ದ: ‘ಮಾಮಾರು ನೆಲಕ್ಕ ತೊಂಬತ್ತು ಡಿಗ್ರಿ.’ ಬೀಳಗಿಯ ಸೋದರತ್ತೆ ನಗುವ ಮುಖ ಹನ್ನೊಂದು ಕಳಿಸಿದ್ದರಂತೆ. ಎಣಿಸಿ ಹೇಳಿದವನು ವೀರೇಶನೇ.

ಮೂರು ಗಂಟೆಗೆ ಸೌಂದರ್ಯಾ ಬಂದಳು. ಹಣೆಯ ಮೇಲೆ ಬೂದಿ, ಕೈಯಲ್ಲಿ ಗೂಳಪ್ಪನ ಪಾತೇಲಿ. ಜೋಳದ ಕಡಬು ಮಾಡಿದ್ದಳು. ಜೋಳದ ಸಾಲಿನ ನಡುವೆ ಬೆಳೆದ ತನ್ನ ಹೊಲದ್ದೇ ಹಸಿಕಡಲೆ ಕಿತ್ತು ಪಲ್ಯ ಮಾಡಿದ್ದಳು. ಬುಟ್ಟಿಯನ್ನು ನನ್ನ ತಲೆಯ ಮೇಲಿಂದ ಇಳಿಸಲಿಲ್ಲ. ನಾನು ಮೊಣಕಾಲು ಮಡಿಸಿ ತಗ್ಗಿದೆ, ಅವಳು ಪಾತೇಲಿಯನ್ನು ಅದರೊಳಗೆ ಬೋರಲು ಹಾಕಿದಳು. ಹಾಗೇ ಹೊರಟೆವು. ಅವಳು ನನ್ನ ತಲೆಯ ಮೇಲಿಂದ ಹಿಡಿ ಎತ್ತಿ ಎತ್ತಿ ಚೆಲ್ಲಿದಳು. ಅತ್ತೆ ನೀರು ಚಿಮುಕಿಸಿ ‘ಹುಲ್ಲುಲ್ಲಿಗೋ’ ಎಂದರು. ನಾನು ಎಣಿಸಲಿಲ್ಲ. ಬಾಯಿ ತೆರೆದರೆ ಕಡಲೆ ಪಲ್ಯ ಮೂಗಿನ ಮೇಲಿಂದ ಇಳಿದು ಬಾಯಿಗೇ ಬರುವ ಸ್ಥಿತಿ ಇತ್ತು.

ಬನ್ನಿ ಗಿಡ ಮುಟ್ಟಿದೆವು. ಬುಟ್ಟಿ ಇಳಿಯಿತು. ಅದರಲ್ಲಿ ಇನ್ನೂ ನಾಲ್ಕು ಹಿಡಿ ಉಳಿದಿತ್ತು.

“ಒಂದೀಟು ಹೆಚ್ಚಾತು,” ಎಂದಳು ಸೌಂದರ್ಯಾ, ಅದನ್ನು ಎಲೆಯ ಮೇಲೆ ಹಾಕಿ ನನ್ನ ಮುಂದಿಡುತ್ತ. ಆ ಎರಡು ಹೋಳಿಗೆ ಬಿಟ್ಟರೆ ನಾನು ಬೆಳಿಗ್ಗೆಯಿಂದ ಕಂಡ ಮೊದಲ ಊಟ ಅದು. ತೂಕ ಮಾಡದೆ ತಿಂದೆ.

ಅತ್ತೆ ಮಗನ ಕಡೆ ನೋಡಿ ಕೈ ಚಾಚಿದರು. ವೀರೇಶ ಸ್ವಲ್ಪ ಹೊತ್ತು ಕಾಲುವೆಯ ಕಡೆ ನೋಡಿದ, ಗೂಳಪ್ಪನ ಕಡೆ ನೋಡಿದ, ಕೊನೆಗೆ ಉಡಿದಾರದಿಂದ ಚಾವಿ ಬಿಚ್ಚಿದ. “ಮೋಟರ್ ಒಮ್ಮೊಮ್ಮಿ ಹಿಡ್ಯಂಗಿಲ್ಲ ಅಕ್ಕಾ. ಎರಡು ಸಲ ಒತ್ತಬೇಕು,” ಎಂದು ಕೊಟ್ಟ. ಸೌಂದರ್ಯಾ ಅದನ್ನು ತಾಳಿಯ ಸರಕ್ಕೆ ಸಿಕ್ಕಿಸಿಕೊಂಡು ಸೆರಗಿನೊಳಗೆ ಬಿಟ್ಟುಕೊಂಡಳು. ಮನೆಗೆ ಬರುವವರೆಗೂ ಗಾಡಿಯ ಹಿಂದೆ ಮುಖ ಆಚೆ ಹೊರಳಿಸಿ ಕೂತಿದ್ದಳು. ಆದರೆ ಒಮ್ಮೆ, ಏನೋ ನೆನಪಾಗಿ, ಒಬ್ಬಳೇ ನಕ್ಕದ್ದು ನನಗೆ ಬೆನ್ನಿನಿಂದ ಗೊತ್ತಾಯಿತು.

ಅರಿಸಿನ ಹಾಕುವ ಮೊದಲು ಹಂದಿ ಬಾರದಂತೆ ಹೊಲದ ಸುತ್ತ ತಂತಿ ಬೇಲಿ ಹಾಕಬೇಕೆಂದಿದ್ದಾಳೆ. ಬರುವ ರವಿವಾರ ಮೂರೂ ಬದಿಯನ್ನು ಅಳೆಯಲು ಹೋಗುತ್ತಿದ್ದೇವೆ. ಟೇಪು ಗೂಳಪ್ಪನದು. ಅಂಕಿ ಓದುವುದು ಸೌಂದರ್ಯಾ. ಸೊನ್ನೆ ಇರುವ ತುದಿಯನ್ನು ಹಿಡಿದುಕೊಂಡು ನಿಲ್ಲುವುದು ನಾನು.